ಪದಚರ್ಚೆ: ತೆರೆ ಮುರಿಯದ ಕಪ್ಪು ನೀರಿಗೆ ಏನೆನ್ನೋಣ?

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಹುಬ್ಬಳ್ಳಿಯ ಕೆಲವು ಗೆಳೆಯರು ರಜೆ ಬಂತೆಂದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಅಥವಾ ಕಾರವಾರದ ಕಡಲದಂಡೆ ಸೇರುತ್ತಾರೆ. ದೋಣಿ ಹತ್ತುವುದಿಲ್ಲ. ಮರಳಿನ ಮೇಲೆಯೇ ನಿಂತು, ತೆರೆಗಳ ನಡುವೆ ಗಾಳ ಬೀಸಿ ಮೀನು ಹಿಡಿಯುತ್ತಾರೆ. ಇಂಗ್ಲಿಷಿನವರು ಇದನ್ನು ಸರ್ಫ್ ಫಿಶಿಂಗ್ ಎನ್ನುತ್ತಾರೆ. ಹೊಸಬರಿಗೆ ಕೊಡಲು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬೇಕೆಂದು ಇವರು ಕೇಳಿದ್ದಾರೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು, ನೀರನ್ನು ನೋಡಿ ಏನನ್ನು ತಿಳಿಯಬೇಕು ಎಂಬಷ್ಟೇ ವಿಷಯ. ಸಲಕರಣೆಗಳ ಹೆಸರಿಗೆ ನಾನು ತಡಕಾಡಲಿಲ್ಲ. ಗಾಳದ ಕೋಲು, ತೂಕದ ಗುಂಡು, ತಂಗೂಸಿ ದಾರ ಎಂದರೆ ಯಾರಿಗೂ ತಿಳಿಯುತ್ತದೆ. ನೀರಿನ ರೂಪಗಳನ್ನು ಹೇಳಬೇಕಾದಲ್ಲಿ ಮಾತ್ರ ಲೇಖನಿ ನಿಂತುಬಿಟ್ಟಿದೆ. ಕರಾವಳಿಯ ಸದಸ್ಯರ ನೆರವು ಬೇಕು.

ಮೊದಲು ವಿಷಯ. ಕಡಲಿನ ತಳ ದಂಡೆಯಿಂದ ಒಂದೇ ಇಳಿಜಾರಿನಲ್ಲಿ ಆಳವಾಗುತ್ತ ಹೋಗುವುದಿಲ್ಲ. ಮರಳಿನ ದಂಡೆಯಾದರೆ ಸಾಮಾನ್ಯವಾಗಿ ಸ್ವಲ್ಪ ದೂರದಲ್ಲಿ, ದಂಡೆಗುಂಟ, ನೀರಿನೊಳಗೆ ಮರಳು ಉದ್ದಕ್ಕೆ ಗುಡ್ಡೆಗಟ್ಟಿರುತ್ತದೆ. ಅದಕ್ಕೂ ದಂಡೆಗೂ ನಡುವೆ ಆಳದ ಒಂದು ಪಟ್ಟಿ. ಮೊದಲನೆಯದು ಬಾರ್, ಎರಡನೆಯದು ಟ್ರಫ್. ಬಾರ್ ಎಲ್ಲಿದೆ ಎಂಬುದನ್ನು ತೆರೆಯೇ ತೋರಿಸಿಕೊಡುತ್ತದೆ. ನೀರಿನ ಆಳ ತೆರೆಯ ಎತ್ತರಕ್ಕಿಂತ ತುಸುವೇ ಹೆಚ್ಚು ಉಳಿದಾಗ ತೆರೆ ನಿಲ್ಲಲಾರದೆ ಮುರಿಯುತ್ತದೆ. ಒಂದು ಮೀಟರಿನ ತೆರೆ ಸುಮಾರು ಒಂದೂಕಾಲು ಮೀಟರ್ ಆಳದಲ್ಲಿ ಮುರಿಯುತ್ತದೆನ್ನಬಹುದು. ಹಾಗಾಗಿ ದೂರದಲ್ಲಿ ಬಿಳಿಯ ಗೆರೆಯೊಂದು ಎದ್ದರೆ ಅದರ ಕೆಳಗೆ ಮರಳಿನ ಏರು ಇದೆ. ಮುರಿದ ತೆರೆ ದಂಡೆಯ ಕಡೆಗೆ ಬರುವಾಗ ನಡುವೆ ಒಮ್ಮೆ ಸುಮ್ಮನಾಗಿ, ದಂಡೆಯ ಬುಡದಲ್ಲಿ ಮತ್ತೆ ಮುರಿದರೆ, ಆ ನಡುವಿನ ಜಾಗವೇ ಟ್ರಫ್. ಮರಳಿನಿಂದ ಕೆದರಿ ಎದ್ದ ಹುಳು, ಸಿಗಡಿ, ಚಿಪ್ಪಿನ ಜೀವಿಗಳೆಲ್ಲ ಅಲ್ಲಿ ಬಂದು ಬೀಳುವುದರಿಂದ ಮೀನು ಅಲ್ಲಿ ಮೇಯುತ್ತದೆ. ಮಂಗಳೂರಿನವರು ಕಾಣೆ ಎಂದೂ ಕಾರವಾರದ ಕಡೆಯವರು ನೊಗ್ಲಿ ಎಂದೂ ಕರೆಯುವ ಮೀನಿನ ಮನೆಯೇ ಇಂಥ ಮರಳಿನ ತೆಳುನೀರು. ಹೊಸಬರು ಶಕ್ತಿಯಿದ್ದಷ್ಟೂ ದೂರ ಬೀಸುತ್ತಾರೆ. ಮೀನು ಎಷ್ಟೋ ಸಲ ಅವರ ಕಾಲಿನಿಂದ ಇಪ್ಪತ್ತು ಮೂವತ್ತು ಹೆಜ್ಜೆಯಾಚೆಯೇ ಇರುತ್ತದೆ.

ಇವೆರಡಕ್ಕೆ ನಾನು ದಿನ್ನೆ ಮತ್ತು ತಗ್ಗು ಎಂದು ಬರೆದಿದ್ದೇನೆ. ನಮ್ಮ ಕಡೆಯ ರಸ್ತೆಗಳ ದಯೆಯಿಂದ ‘ತಗ್ಗುದಿನ್ನೆ’ ಎಂಬ ಜೋಡಿ ಹುಬ್ಬಳ್ಳಿಯ ಮಕ್ಕಳ ಬಾಯಲ್ಲೂ ಇದೆ. ಬಳಗದ ಹಿರಿಯರೊಬ್ಬರು ಹಿಂದೊಮ್ಮೆ ‘ಸೈಕತಸೇತು’, ‘ದ್ರೋಣಿ’ ಎಂಬ ಪದಗಳನ್ನು ಸೂಚಿಸಿದ್ದರು. ಅವರ ಮೇಲೆ ಗೌರವವಿದೆ, ಆದರೆ ಮೊಣಕಾಲು ನೀರಿನಲ್ಲಿ ನಿಂತು ಸಂಗಡಿಗನಿಗೆ ಕೂಗಿ ಹೇಳಲು ಬಾರದ ಪದ ಕೈಪಿಡಿಗೆ ಬೇಡ. ತಗ್ಗಿಗೆ ಬದಲಾಗಿ ‘ಮಡು’ ಸರಿಯಾಗದೇ ಎಂದು ಹಾವೇರಿಯ ಗೆಳೆಯರು ಕೇಳಿದರು. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಬಲೆ ಹಾಕುವವರ ಮಾತು ಬಲ್ಲವರು ಅವರು. ಆದರೆ ಮಡು ಎಂದರೆ ಒಂದೆಡೆ ಆಳವಾಗಿ ನಿಂತ ನೀರು. ಇದು ಉದ್ದಕ್ಕೆ ಚಾಚಿಕೊಂಡದ್ದು, ನೀರು ಇಲ್ಲಿ ನಿಲ್ಲುವುದೂ ಇಲ್ಲ. ಉದ್ದನೆಯ ತಗ್ಗಿನಲ್ಲಿಯೇ ಅಲ್ಲಲ್ಲಿ ಇನ್ನೂ ಆಳವಾದ ಗುಂಡಿಗಳಿರುತ್ತವೆ. ಮಡುವನ್ನು ಅವಕ್ಕೆ ಮೀಸಲಿಟ್ಟಿದ್ದೇನೆ.

ಈಗ ನಿಜವಾದ ಪ್ರಶ್ನೆ. ತೆರೆಗಳು ದಿನ್ನೆಯ ಮೇಲಿನಿಂದ ತಳ್ಳಿದ ನೀರೆಲ್ಲ ತಗ್ಗಿನಲ್ಲಿ ಸೇರುತ್ತದೆ. ಅದು ಮರಳಿ ಕಡಲಿಗೆ ಹೋಗಬೇಕಲ್ಲ? ದಿನ್ನೆ ಎಲ್ಲಿ ಕಡಿದಿದೆಯೋ ಅಲ್ಲಿಗೆ ದಂಡೆಗುಂಟ ಹರಿದು ಬಂದು, ಆ ಸಂದಿನಿಂದ ರಭಸವಾಗಿ ಹೊರಗೆ ಹೋಗುತ್ತದೆ. ಇದೇ ರಿಪ್ ಕರೆಂಟ್. ಸಂದಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ತೆರೆ ಮುರಿಯುವುದಿಲ್ಲ ಅಥವಾ ಕಡಿಮೆ ಮುರಿಯುತ್ತದೆ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಕಪ್ಪಾದ, ನಯವಾದ ನೀರಿನ ಪಟ್ಟಿ. ದಿಟ್ಟಿಸಿ ನೋಡಿದರೆ ನೊರೆಯ ತುಣುಕು, ಕಸಕಡ್ಡಿ, ಕೆಂಪಗೆ ಕದಡಿದ ಮರಳು ಆ ಪಟ್ಟಿಯಲ್ಲಿ ಹೊರಮುಖವಾಗಿ ಸಾಗುವುದು ಕಾಣುತ್ತದೆ. ಗಾಳದವರಿಗೆ ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ದಂಡೆಯ ಆಹಾರವೆಲ್ಲ ಒಂದೇ ಬಾಗಿಲಿನಿಂದ ಹೊರಬೀಳುವಾಗ ದೊಡ್ಡ ಮೀನು ಆ ಬಾಗಿಲಿನ ಅಂಚಿನಲ್ಲಿ ಕಾಯುತ್ತದೆ. ಗಾಳ ಬೀಳಬೇಕಾದದ್ದು ಕಪ್ಪುನೀರಿನ ನಡುವೆ ಅಲ್ಲ, ಕಪ್ಪು ಬಿಳಿ ಕೂಡುವ ಅಂಚಿನಲ್ಲಿ.

ಮೀನಿಗೆ ಎಲ್ಲಕ್ಕಿಂತ ಒಳ್ಳೆಯದಾದ ಈ ಜಾಗವೇ ಮನುಷ್ಯ ಇಳಿಯಲು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಪತ್ರಿಕೆಗಳ ಭಾಷೆ ಇಲ್ಲಿ ಅಪಾಯವನ್ನು ಹೆಚ್ಚಿಸುತ್ತಿದೆ ಎಂಬುದು ನನ್ನ ದೂರು. ಗೋಕರ್ಣದಲ್ಲೋ ಮುರುಡೇಶ್ವರದಲ್ಲೋ ಪ್ರವಾಸಿಗರು ತೀರಿಕೊಂಡಾಗ ‘ಅಲೆಗಳಿಗೆ ಕೊಚ್ಚಿಹೋದರು’ ಅಥವಾ ‘ಸುಳಿಗೆ ಸಿಲುಕಿದರು’ ಎಂಬ ಸಿದ್ಧ ವಾಕ್ಯ ಬರುತ್ತದೆ. ಇದನ್ನು ಓದಿ ಬೆಳೆದ ಗದಗದ ಹುಡುಗ ದಂಡೆಗೆ ಹೋದಾಗ ಏನು ಮಾಡುತ್ತಾನೆ? ಅಲೆ ಏಳುವಲ್ಲಿ ಇಳಿಯದೆ, ಅಲೆಯಿಲ್ಲದ ನಯವಾದ ಜಾಗ ಹುಡುಕಿ ಇಳಿಯುತ್ತಾನೆ. ಸುಳಿಗಾಗಿ ಕಣ್ಣಾಡಿಸುತ್ತಾನೆ, ತಿರುಗುವ ನೀರು ಎಲ್ಲಿಯೂ ಕಾಣುವುದಿಲ್ಲ. ರಿಪ್ ತಿರುಗುವುದಿಲ್ಲ, ಕೆಳಕ್ಕೆ ಎಳೆಯುವುದೂ ಇಲ್ಲ. ನೆಟ್ಟಗೆ ಆಚೆಗೆ ಒಯ್ಯುತ್ತದೆ. ಅದರ ಎದುರು ಈಜಿ ದಣಿದವರೇ ಮುಳುಗುತ್ತಾರೆ. ದಂಡೆಗುಂಟ ಪಕ್ಕಕ್ಕೆ ಈಜಿದರೆ ಆ ಕಿರಿದಾದ ಪಟ್ಟಿಯಿಂದ ಹೊರಬರಬಹುದು. ಇಲ್ಲಿ ‘ಅಡ್ಡಲಾಗಿ ಈಜಿ’ ಎಂದು ಬರೆಯಬಾರದು. ಯಾವುದಕ್ಕೆ ಅಡ್ಡ ಎಂಬುದನ್ನು ಮುಳುಗುವವನು ಯೋಚಿಸುತ್ತ ಕೂರಲಾರ. ‘ಸಮಾನಾಂತರ’ ಶಾಲೆಯ ರೇಖಾಗಣಿತದ್ದು. ನಮ್ಮ ‘ಗುಂಟ’ ಎರಡೇ ಅಕ್ಷರಗಳಲ್ಲಿ ಕೆಲಸ ಮುಗಿಸುತ್ತದೆ.

ಹರಿವಿಗೆ ‘ಸೆಳವು’ ಎಂದಿಟ್ಟಿದ್ದೇನೆ. ಹೊಳೆಯ ಬದುಕು ಬಲ್ಲವರಿಗೆಲ್ಲ ಈ ಪದದಲ್ಲಿಯೇ ಎಚ್ಚರಿಕೆ ಕೇಳಿಸುತ್ತದೆ. ‘ಸೆಳೆತ’ ಎಂದರೆ ಈಗ ಸಿನಿಮಾದ ಸೆಳೆತ, ಮೊಬೈಲಿನ ಸೆಳೆತ ಎಂದೆಲ್ಲ ಹಗುರಾಗಿಬಿಟ್ಟಿದೆ. ಆದರೆ ಹರಿವು ಬೇರೆ, ಅದು ಹಾದುಹೋಗುವ ಸಂದು ಬೇರೆ. ಇಳಿತದಲ್ಲಿ ದಂಡೆಯ ಮೇಲೆ ನಡೆದು ನೋಡುವಾಗ ಸೆಳವು ಕಾಣದಿದ್ದರೂ ದಿನ್ನೆ ಕಡಿದ ಜಾಗ ಕಾಣುತ್ತದೆ. ಅದಕ್ಕೊಂದು ಹೆಸರು ಬೇಕು. ನನಗೆ ಮೊದಲು ಹೊಳೆದದ್ದು ‘ಕೋಡಿ’. ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿ ಅದೇ ತಾನೆ? ಉಣಕಲ್ ಕೆರೆ ಕೋಡಿ ಬಿತ್ತೆಂದರೆ ಹುಬ್ಬಳ್ಳಿಗೆ ಹುಬ್ಬಳ್ಳಿಯೇ ನೋಡಲು ಹೋಗುತ್ತದೆ. ಆದರೆ ಕುಂದಾಪುರದ ಕೋಡಿ, ಉಡುಪಿಯ ಕಡೆಯ ಕೋಡಿಬೆಂಗ್ರೆ ಎರಡೂ ಹೊಳೆ ಕಡಲಿಗೆ ಸೇರುವಲ್ಲಿ ಚಾಚಿಕೊಂಡ ನೆಲದ ತುದಿಗಳು. ‘ಕೋಡಿಯಲ್ಲಿ ಇಳಿಯಬೇಡಿ’ ಎಂದು ನಾನು ಬರೆದರೆ ಕುಂದಾಪುರದವರು ಬಸ್ಸಿನಿಂದಲೇ ಇಳಿಯಲಾರರು. ಆ ಪದ ಬಿಟ್ಟೆ.

ಉಳಿದದ್ದು ‘ಕಿಂಡಿ’ ಮತ್ತು ‘ಗಂಡಿ’. ಕಿಂಡಿ ತೀರ ಸಣ್ಣದು, ಗೋಡೆಗೆ ಸೇರಿದ್ದು. ಉಡುಪಿಯಲ್ಲಿ ಕನಕದಾಸರ ಹೆಸರಿನೊಂದಿಗೆ ಬೆಸೆದುಕೊಂಡು ಭಕ್ತಿಯ ಪದವೂ ಆಗಿದೆ. ಗಂಡಿ ನನಗೆ ಹಿಡಿಸಿದೆ. ಬೇಲಿ ಮುರಿದ ಜಾಗ, ಹೊಲದ ಒಡ್ಡು ಒಡೆದು ನೀರು ನುಗ್ಗುವ ಜಾಗ, ಎರಡೂ ಗಂಡಿಯೇ. ಹಾಗಾಗಿ ಜಾಗಕ್ಕೆ ಗಂಡಿ, ಹರಿವಿಗೆ ಸೆಳವು, ಎರಡನ್ನೂ ಒಟ್ಟಿಗೆ ಹೇಳಬೇಕಾದಲ್ಲಿ ‘ಸೆಳವುಗಂಡಿ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ದಂಡೆಯಿಂದಲೇ ಕೈರಂಪಣಿ ಬಲೆ ಎಳೆಯುವವರು, ಬೀಸುಬಲೆ ಹಾಕುವವರು ಈ ಜಾಗಕ್ಕೆ ತಮ್ಮದೇ ಹೆಸರು ಇಟ್ಟಿರುತ್ತಾರೆ. ಅದು ಸಿಕ್ಕರೆ ನನ್ನ ಸೆಳವುಗಂಡಿಯನ್ನು ಆ ಕ್ಷಣವೇ ಕೈಬಿಡುತ್ತೇನೆ.

ಉಬ್ಬರದ ಮಾತು. ಒಂದು ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಅನುಭವಿಗಳು ಇಳಿತದಲ್ಲಿ ಬಂದು ದಿನ್ನೆ, ತಗ್ಗು, ಗಂಡಿಗಳನ್ನು ಗುರುತಿಸಿಕೊಂಡು, ನೀರು ಏರತೊಡಗಿದ ಮೇಲೆ ಗಾಳ ಬೀಸುತ್ತಾರೆ. ತುಂಬು ಉಬ್ಬರಕ್ಕೆ ಮೊದಲ ಎರಡು ತಾಸು, ಆಮೇಲಿನ ಒಂದೆರಡು ತಾಸು ಒಳ್ಳೆಯ ಹೊತ್ತು. ಅದು ನಸುಕಿಗೋ ಮುಸ್ಸಂಜೆಗೋ ಕೂಡಿಬಂದರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ಪದಗಳ ತೊಂದರೆಯಿಲ್ಲ. ಸ್ಪ್ರಿಂಗ್ ಟೈಡ್ ಬಂದಾಗ ತೊಂದರೆ. ಗೆಳೆಯರು ಯಂತ್ರಾನುವಾದ ಮಾಡಿಸಿ ಕಳಿಸಿದ ಕರಡಿನಲ್ಲಿ ಅದು ‘ವಸಂತದ ಉಬ್ಬರ’ ಆಗಿತ್ತು. ಅದಕ್ಕೂ ವಸಂತ ಋತುವಿಗೂ ಸಂಬಂಧವಿಲ್ಲ. ಚಿಮ್ಮಿ ಏಳುವ ನೀರು ಎಂಬುದು ಅಲ್ಲಿನ ಅರ್ಥ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಸೂರ್ಯ ಚಂದ್ರರ ಎಳೆತ ಒಂದೇ ಗೆರೆಗೆ ಬಂದು ಏರಿಳಿತ ಹೆಚ್ಚುತ್ತದೆ. ಕಾರವಾರದಲ್ಲಿ ಆಗ ನೀರು ಸುಮಾರು ಒಂದೂವರೆಯಿಂದ 2 ಮೀಟರ್ ಏರಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡರ ಎಳೆತ ಲಂಬವಾಗಿ ಬಿದ್ದು ಏರಿಳಿತ ತಗ್ಗುತ್ತದೆ. ‘ಹುಣ್ಣಿಮೆಯ ಉಬ್ಬರ’, ‘ಅಷ್ಟಮಿಯ ಉಬ್ಬರ’ ಎಂದರೆ ಮುಗಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಲು ಬರುವವರಿಗೆ ಬೇರೆ ವಿವರಣೆ ಬೇಡ. ಹೆಚ್ಚುಕಡಿಮೆಗಳ ತುದಿ ತಿಥಿಯ ದಿನವೇ ಬರದೆ ಒಂದೆರಡು ದಿನ ತಡವಾಗಿ ಬರುತ್ತದೆ ಎಂದು ಒಂದು ಸಾಲು ಸೇರಿಸಿದರೆ ಸಾಕು. ಕರಾವಳಿಯಲ್ಲಿ ಉಬ್ಬರಕ್ಕೆ ‘ಭರತ’ ಎನ್ನುವವರಿದ್ದಾರೆ. ಚಂದದ ಪದ. ಆದರೆ ‘ಭರತ ಬರುವ ಮೊದಲು ಸಿದ್ಧರಾಗಿ’ ಎಂದು ಬರೆದರೆ ನಮ್ಮ ಓದುಗರು ರಾಮಾಯಣಕ್ಕೆ ಹೋಗುತ್ತಾರೆ.

ಗಾಳಿಯದು ಸಣ್ಣ ತೊಡಕು. ಕಡಲಿನಿಂದ ದಡಕ್ಕೆ ಬೀಸುವ ಆನ್‌ಶೋರ್ ಗಾಳಿಯನ್ನು ‘ದಡದ ಗಾಳಿ’ ಎಂದರೆ ದಡಕ್ಕೆ ಬರುವುದೋ ದಡದಿಂದ ಹೋಗುವುದೋ ತಿಳಿಯದು. ನಮ್ಮ ಕಡಲು ಪಡುವಣಕ್ಕಿರುವುದರಿಂದ ಪಡುಗಾಳಿ, ಮೂಡಗಾಳಿ ಎನ್ನಬಹುದು. ಗಾಳ ಹಿಡಿದು ನಿಂತವನ ದೃಷ್ಟಿಯಿಂದ ‘ಎದುರುಗಾಳಿ’, ‘ಬೆನ್ನುಗಾಳಿ’ ಇನ್ನೂ ನೇರ. ಚಳಿಗಾಲದ ಬೆಳಗಿನ ಹೊತ್ತು ನೆಲದ ಕಡೆಯಿಂದ ಬೀಸುವ ಬೆನ್ನುಗಾಳಿಯಲ್ಲಿ ಗುಂಡು ದೂರ ಹೋಗುತ್ತದೆ. ಮಧ್ಯಾಹ್ನದ ಮೇಲೆ ಎದುರುಗಾಳಿ ಎದ್ದು ತೆರೆ ಕದಡುತ್ತದೆ. ಅಷ್ಟಿಷ್ಟು ಕದಡಿದ ನೀರು ಮೀನಿಗೆ ಇಷ್ಟ, ಏಕೆಂದರೆ ಅದರಲ್ಲಿ ಆಹಾರ ಇರುತ್ತದೆ. ಮಳೆಗಾಲದ ಕಡಲು ಬೇರೆ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧವಿರುತ್ತದೆ. ಆ ಅಬ್ಬರದಲ್ಲಿ ದಂಡೆಯಿಂದ ಗಾಳ ಹಾಕುವವರೂ ಮನೆಯಲ್ಲಿರುವುದು ಲೇಸು. ಮಳೆ ಮುಗಿದ ಮೇಲೆ ಹಳೆಯ ದಿನ್ನೆ ಗಂಡಿಗಳು ಹಿಂದಿದ್ದಲ್ಲಿ ಇರುವುದಿಲ್ಲ, ಹೊಸದಾಗಿ ಹುಡುಕಬೇಕು.

ಇನ್ನೆರಡು ಪದಗಳನ್ನು ಬಿಡಲು ಮನಸ್ಸಿಲ್ಲ. ಒಂದು ‘ಎರೆ’. ಗಾಳಕ್ಕೆ ಸಿಕ್ಕಿಸುವ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಬಳಚು ಎಂಬ ಚಿಪ್ಪಿನ ಜೀವಿಯ ಮಾಂಸಕ್ಕೆಲ್ಲ ಇದೇ ಸರಿಯಾದ ಹೆಸರು. ಆದರೆ ಗದಗ, ನರಗುಂದದ ಕಡೆಯವರಿಗೆ ಎರೆ ಎಂದರೆ ಹತ್ತಿ, ಜೋಳ ಬೆಳೆಯುವ ಕಪ್ಪು ಮಣ್ಣು. ಮೊದಲ ಸಲ ಬರುವಲ್ಲಿ ‘ಗಾಳದ ಎರೆ’ ಎಂದು ಬರೆದು ಮುಂದೆ ಬರಿಯ ಎರೆ ಎಂದರೆ ನಡೆಯುತ್ತದೆ. ಇನ್ನೊಂದು ‘ಅಳಿವೆ’. ಹೊಳೆ ಕಡಲನ್ನು ಕೂಡುವ ಬಾಯಿ. ಇಳಿತದ ನೀರು ಹೊಳೆಯ ಸಣ್ಣ ಮೀನು ಸಿಗಡಿಗಳನ್ನು ಹೊರತರುವಾಗ ಅಲ್ಲಿ ಒಳ್ಳೆಯ ಬೇಟೆ. ಕರಡನ್ನು ನೋಡಿದ ಇಲ್ಲಿನವರೊಬ್ಬರು ಎಲ್ಲ ಕಡೆ ಅದನ್ನು ‘ಅಳಿವು’ ಎಂದು ತಿದ್ದಿ, ಗಂಗಾವಳಿಯ ವಿನಾಶವನ್ನೇ ಘೋಷಿಸಿದ್ದರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯಾಗಿ, ಗಂಗಾವಳಿಯಾಗಿ ಸೇರುವುದು ಅದೇ ಅಳಿವೆಯಲ್ಲಿ. ನಮ್ಮ ಊರಿನ ನೀರು ಮುಟ್ಟುವ ಜಾಗದ ಹೆಸರಾದರೂ ನಮಗೆ ಗೊತ್ತಿರಬೇಕು. ಈ ಪದವನ್ನು ನಾನು ಬದಲಿಸುವುದಿಲ್ಲ.

ಇಡೀ ಹವ್ಯಾಸಕ್ಕೆ ಹೆಸರೇನು ಎಂಬುದು ಕೊನೆಯದು. ಸರ್ಫ್, ಅಂದರೆ ದಂಡೆಗೆ ಬಂದು ಮುರಿಯುವ ನೊರೆ ತುಂಬಿದ ತೆರೆ, ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲ ಎಂದು ಕೆಲವರು ಬರೆದಿದ್ದರು. ಕಡಲತಡಿಯಲ್ಲಿ ಮನೆ ಮಾಡಿದವರನ್ನು ಕುರಿತ ಅಕ್ಕಮಹಾದೇವಿಯ ವಚನದಲ್ಲಿ ‘ನೊರೆತೆರೆ’ ಇದೆ. ಹನ್ನೆರಡನೆಯ ಶತಮಾನದಿಂದ ಬಂದ ಪದ, ಇಂದಿಗೂ ಅರ್ಥಕೋಶ ಬೇಡುವುದಿಲ್ಲ. ಆದರೆ ‘ನೊರೆತೆರೆಗಾಳ’ ನಾಲಿಗೆಗೆ ತೊಡರುತ್ತದೆ. ಹೆಸರಿಗೆ ‘ದಂಡೆಗಾಳ’ ಎಂದಿಟ್ಟು, ನೊರೆತೆರೆಯನ್ನು ವಿವರಣೆಯಲ್ಲಿ ಬಳಸುವ ಯೋಚನೆ ನನ್ನದು. ಕೆರೆಯ ದಂಡೆಯಲ್ಲಿ ಕುಳಿತು ಗಾಳ ಹಾಕುವವರೂ ದಂಡೆಗಾಳದವರೇ ಆಗಿಬಿಡುತ್ತಾರೆಂದು ಆಕ್ಷೇಪ ಬರಬಹುದು. ಹಾಗಾದರೆ ‘ಕಡಲದಂಡೆಯ ಗಾಳ’ ಎಂದು ಬಿಡಿಸಿ ಬರೆದರಾಯಿತು.

ಉತ್ತರಿಸುವವರು ದಯವಿಟ್ಟು ಪದದ ಜೊತೆಗೆ ಅದನ್ನು ಕೇಳಿದ ಊರನ್ನೂ, ಹೇಳಿದವರು ಬಲೆಯವರೋ ಗಾಳದವರೋ ಎಂಬುದನ್ನೂ ಬರೆಯಿರಿ. ಮುಖ್ಯವಾಗಿ ಬೇಕಾದದ್ದು ಗಂಡಿಗೆ ನಿಮ್ಮ ಕಡೆಯ ಹೆಸರು. ಅದು ಕೊಂಕಣಿಯದೋ ತುಳುವಿನದೋ ಆದರೂ ಸರಿ, ಕನ್ನಡದ ಬಾಯಿಗೆ ಒಗ್ಗಿದ್ದರೆ ಹಾಗೆಯೇ ತೆಗೆದುಕೊಳ್ಳುತ್ತೇನೆ.