ನಲವತ್ತು ದಾಟಿದವರ ಈಜು ಅಭ್ಯಾಸ: ಟೆಕ್ನಿಕ್ ಮೊದಲಾ, ದೂರ ಮೊದಲಾ, ಸ್ಪೀಡ್ ಮೊದಲಾ?

ತೋಟದಹಾದಿ (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ವಯಸ್ಸು 43. ಈಜು ಬರುತ್ತದೆ, ಆದರೆ ಅದು ಬಾವಿ ಈಜು. ಚಿಕ್ಕವನಿದ್ದಾಗ ಸೊಂಟಕ್ಕೆ ಬೆಂಡು ಕಟ್ಟಿ ಮಾವ ಬಾವಿಗೆ ತಳ್ಳಿದ್ದರು, ನನಗೆ ಸಿಕ್ಕ ಕೋಚಿಂಗ್ ಅಷ್ಟೇ. ಈಗ 25 ಮೀಟರ್ ಪೂಲ್‌ಗೆ ವಾರಕ್ಕೆ ಮೂರು ಬೆಳಿಗ್ಗೆ ಹೋಗುತ್ತಿದ್ದೇನೆ, 45 ನಿಮಿಷ ಸಿಗುತ್ತದೆ. ಫ್ರೀಸ್ಟೈಲ್‌ನಲ್ಲಿ ಎರಡು ಲೆಂತ್ (ಪೂಲ್‌ನ ಈ ತುದಿಯಿಂದ ಆ ತುದಿಗೆ ಒಂದು ಲೆಂತ್) ಆರಾಮ, ನಾಲ್ಕಕ್ಕೆ ಏದುಸಿರು. ಓಡಲು ಬಿಟ್ಟರೆ ಐದು ಕಿಲೋಮೀಟರ್ ನಿಲ್ಲದೆ ಓಡುತ್ತೇನೆ, ಹಾಗಾಗಿ ದಮ್ಮೇ ಇಲ್ಲ ಅಂತೇನಲ್ಲ.

ಪೂಲ್‌ನಲ್ಲಿ ಒಬ್ಬರು ಆರು ತಿಂಗಳು ಬರೀ ಡ್ರಿಲ್ (ಈಜಿನ ಒಂದೊಂದು ಭಾಗವನ್ನೇ ಬಿಡಿಸಿ ಮಾಡುವ ಅಭ್ಯಾಸ) ಮಾಡಿ ಅನ್ನುತ್ತಾರೆ. ಇನ್ನೊಬ್ಬರು ನಿಧಾನವಾಗಿ ಆದರೂ ಸರಿ, ನಿಲ್ಲಿಸದೆ ಈಜುತ್ತಾ ದೂರ ಹೆಚ್ಚಿಸಿ ಅನ್ನುತ್ತಾರೆ. ಮೂರನೆಯವರು ಜೋರಾಗಿ 25, ರೆಸ್ಟ್, ಮತ್ತೆ ಜೋರಾಗಿ 25, ಇಷ್ಟೇ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಹೇಮಾವತಿದಡ (ಹಾಸನ):
ಸರ್, ಓಡುವ ದಮ್ಮು ಇದ್ದೂ ನಾಲ್ಕು ಲೆಂತ್‌ಗೆ ಸುಸ್ತಾಗುತ್ತಿದೆ ಅಂದರೆ ತೊಂದರೆ ಶ್ವಾಸಕೋಶದ್ದಲ್ಲ, ದೇಹ ನೀರಿನಲ್ಲಿ ನಿಂತಿರುವ ರೀತಿಯದ್ದು. ಬಾವಿಯಲ್ಲಿ ಕಲಿತವರು ತಲೆ ಎತ್ತಿ ಈಜುತ್ತಾರೆ. ತಲೆ ಮೇಲೆ ಬಂದರೆ ಸೊಂಟ, ಕಾಲು ಕೆಳಗೆ ಹೋಗುತ್ತದೆ, ಆಮೇಲೆ ನೀವು ನೀರನ್ನು ಸೀಳುವುದಿಲ್ಲ, ತಳ್ಳುತ್ತಾ ಹೋಗುತ್ತೀರಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಬರೀ ಬಲದಿಂದ ಅದನ್ನು ಗೆಲ್ಲೋಕಾಗಲ್ಲ.

ಅಮೆರಿಕದ ಕೋಚ್ ಟೆರಿ ಲಾಫ್ಲಿನ್ 1989ರಲ್ಲಿ ಟೋಟಲ್ ಇಮ್ಮರ್ಶನ್ ಅನ್ನುವ ಪದ್ಧತಿ ಶುರು ಮಾಡಿದ್ದೇ ನಿಮ್ಮಂಥ ದೊಡ್ಡವರಿಗೆ ಕಲಿಸುತ್ತಾ. ಮೊದಲು ಸಮತೋಲನ, ಆಮೇಲೆ ದೇಹವನ್ನು ಉದ್ದ ಮಾಡುವುದು, ಕೊನೆಗೆ ಬಲ. ಮುಖ ನೀರಿನಲ್ಲಿರುವಾಗ ಉಸಿರು ಬಿಡುತ್ತಲೇ ಇರಿ. ಹಿಡಿದಿಟ್ಟು ಮೇಲೆ ಬಂದಾಗ ಬಿಟ್ಟು ಎಳೆದುಕೊಳ್ಳಲು ಹೋದರೆ ಟೈಮ್ ಸಾಲದು. ಒಂದು ಲೆಂತ್‌ಗೆ ಎಷ್ಟು ಸ್ಟ್ರೋಕ್, ಅಂದರೆ ಎಷ್ಟು ಸಲ ಕೈ ಬೀಸು, ಆಗುತ್ತದೆ ಅಂತ ಎಣಿಸಿ. ಸುಸ್ತಾಗಿ ಸ್ಟ್ರೋಕ್ ಕೆಟ್ಟ ಮೇಲೂ ಈಜಿದರೆ ಕೆಟ್ಟದ್ದೇ ಅಭ್ಯಾಸವಾಗುತ್ತದೆ.

ಸ್ಟಾಪ್‌ವಾಚ್‌ಗೌಡ (ಹಾಸನ):
ತಲೆ, ಉಸಿರಿನ ವಿಷಯ ಒಪ್ಪಿದೆ ಅಣ್ಣಾ, ಆದರೆ ಆರು ತಿಂಗಳು ಬರೀ ಡ್ರಿಲ್ ಅಂದರೆ ಯಾರು ಪೂಲ್‌ಗೆ ಬರುತ್ತಾರೆ ಹೇಳಿ? ಡ್ರಿಲ್‌ನಲ್ಲಿ ಚೆನ್ನಾಗಿ ಕಾಣುವವರು ಮಾಮೂಲಿ ಈಜಿಗೆ ಬಂದ ಕೂಡಲೇ ಹಳೇ ಅಭ್ಯಾಸಕ್ಕೆ ಜಾರುವುದನ್ನು ಬೇಕಾದಷ್ಟು ನೋಡಿದ್ದೇನೆ.

ದೂರವನ್ನು ತುಂಡು ಮಾಡಿ. ಮೊದಲು ಹತ್ತು ನಿಮಿಷ ವಾರ್ಮಪ್, ಅದರೊಳಗೇ ಡ್ರಿಲ್. ಆಮೇಲೆ 16 ಸಲ 25, ಪ್ರತಿ ಸಲಕ್ಕೂ 20 ಸೆಕೆಂಡ್ ರೆಸ್ಟ್. ಒಟ್ಟು 400 ಮೀಟರ್ ಆಯಿತು, ನೀವು ಒಂದೇ ಉಸಿರಿಗೆ 100 ಈಜಿ ಸತ್ತುಹೋಗುವುದಕ್ಕಿಂತ ನಾಲ್ಕು ಪಟ್ಟು, ಅದೂ ಸ್ಟ್ರೋಕ್ ಕೆಡದೆ. ಕೊನೆಯ 25 ಮೊದಲನೆಯದರಷ್ಟೇ ಟೈಮ್‌ನಲ್ಲಿ ಬಂದರೆ ಮುಂದೆ 8 ಸಲ 50 ಮಾಡಿ. ಅದೂ ಆರಾಮ ಅನ್ನಿಸಿದರೆ 4 ಸಲ 100. ಒಟ್ಟು ದೂರ ಅದೇ, ರೆಸ್ಟ್ ಮಾತ್ರ ಕಡಿಮೆಯಾಗುತ್ತಾ ಬರುತ್ತದೆ.

ನಿಲ್ಲದೆ 400 ಬಂದ ದಿನದಿಂದ ಸಿಎಸ್‌ಎಸ್ (ಕ್ರಿಟಿಕಲ್ ಸ್ವಿಮ್ ಸ್ಪೀಡ್, ಅಂದರೆ ಹೆಚ್ಚು ಹೊತ್ತು ಕಾಯ್ದುಕೊಳ್ಳಬಹುದಾದ ವೇಗ) ಲೆಕ್ಕ ಹಾಕಬಹುದು. ಸ್ವಲ್ಪ ಈಜಿ ಮೈ ಬೆಚ್ಚಗಾದ ಮೇಲೆ 400 ಜೋರಾಗಿ ಈಜಿ ಟೈಮ್ ಬರೆದುಕೊಳ್ಳಿ, ಸುಧಾರಿಸಿಕೊಂಡು 200 ಈಜಿ ಅದನ್ನೂ ಬರೆದುಕೊಳ್ಳಿ. 400ಕ್ಕೆ 10 ನಿಮಿಷ, 200ಕ್ಕೆ 4 ನಿಮಿಷ 40 ಸೆಕೆಂಡ್ ಅಂತಿಟ್ಟುಕೊಳ್ಳೋಣ. ವ್ಯತ್ಯಾಸ 200 ಮೀಟರ್‌ಗೆ 5 ನಿಮಿಷ 20 ಸೆಕೆಂಡ್, ಅಂದರೆ 100ಕ್ಕೆ 2 ನಿಮಿಷ 40. ಹೀಗೆ ತುಂಡು ಮಾಡಿ ಈಜುವ ಸೆಟ್‌ಗಳಲ್ಲಿ ಆ ವೇಗ ಹಿಡಿಯಬೇಕು. 100 ಮೀಟರ್‌ನ ಸೆಟ್‌ನಲ್ಲಿ ಮೊದಲ ಎರಡು ತುಂಡು ಸುಲಭ ಅಂತ ಹಾರಿದರೆ ಆರನೆಯದಕ್ಕೆ ಗೊತ್ತಾಗುತ್ತದೆ!

ಹಳೇಮೇಷ್ಟ್ರು (ಹಾಸನ):
ಜೋರಾಗಿ 25 ಅನ್ನುವವರ ಮಾತೂ ಗಾಳಿಮಾತಲ್ಲ ಮಕ್ಕಳೇ. ಕ್ರೀಡಾ ವಿಜ್ಞಾನಿ ಬ್ರೆಂಟ್ ರಶಾಲ್ ಅವರ ಯುಎಸ್‌ಆರ್‌ಪಿಟಿ (ಅಲ್ಟ್ರಾ ಶಾರ್ಟ್ ರೇಸ್ ಪೇಸ್ ಟ್ರೈನಿಂಗ್) ಪದ್ಧತಿ ಅದು. ರೇಸಿನ ವೇಗದಲ್ಲೇ ಚಿಕ್ಕ ಚಿಕ್ಕ ತುಂಡು, ಕಡಿಮೆ ರೆಸ್ಟ್, ಟೈಮ್ ತಪ್ಪುತ್ತಾ ಹೋದರೆ ಸೆಟ್ ಅಲ್ಲಿಗೇ ನಿಲ್ಲಿಸುವುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ವರು ನಾಲ್ಕು ಶೈಲಿ ಈಜುವ ಮೆಡ್ಲೆ ರಿಲೇಯಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಬ್ರೆಸ್ಟ್‌ಸ್ಟ್ರೋಕ್ ಈಜಿದ ಮೈಕೆಲ್ ಆಂಡ್ರೂ ಇದರಲ್ಲೇ ಬೆಳೆದ ಹುಡುಗ. ಆದರೆ ರೇಸೇ ಇಲ್ಲದವರಿಗೆ ರೇಸಿನ ವೇಗ ಎಲ್ಲಿಂದ ಬರಬೇಕು? ತೋಟದಹಾದಿಯವರು ಮುಂದೆ ಮಾಸ್ಟರ್ಸ್ ಸ್ಪರ್ಧೆಗೆ ಇಳಿದರೆ (25ರಿಂದ ಶುರು, ಐದೈದು ವರ್ಷಕ್ಕೊಂದು ಗುಂಪು, ನಿಮ್ಮದು 40ರಿಂದ 44) ಆಗ ಯೋಚಿಸಬಹುದು.

ಈ ವಯಸ್ಸಿನಲ್ಲಿ ನಾನು ಹೆದರುವುದು ಭುಜಕ್ಕೆ. ಕೈಗೆ ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ) ಹಾಕಿಕೊಂಡು ಎಳೆಯುವುದು ಈಗಲೇ ಬೇಡ. ಪುಲ್ ಬಾಯ್ (ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುವ ತೇಲುವ ತುಂಡು) ಕಾಲನ್ನು ಎತ್ತಿ ಹಿಡಿಯುತ್ತದೆ, ಹಿತವಾಗಿರುತ್ತದೆ, ಅದಕ್ಕೇ ಜನ ಬಿಡುವುದಿಲ್ಲ, ತೆಗೆದ ಕೂಡಲೇ ಕಾಲು ಮತ್ತೆ ಮುಳುಗುತ್ತದೆ. ಮತ್ತೆ ಮೂರೂ ದಿನ ಸಾಲಾಗಿ ಹೋಗಬೇಡಿ, ನಡುವೆ ಒಂದೊಂದು ದಿನ ಬಿಡಿ.

ತೋಟದಹಾದಿ:
ಧನ್ಯವಾದ ಎಲ್ಲರಿಗೂ. ಇವತ್ತು ಉಸಿರು ಬಿಡುವುದನ್ನಷ್ಟೇ ನೋಡಿಕೊಂಡೆ, ಮೂಗಿಗೆ ನೀರು ಹೋಯಿತು, ಆದರೂ ಏದುಸಿರು ಕಡಿಮೆ ಇತ್ತು. ಎರಡು ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣು ಕೊಯ್ಲು, ವಾರಕ್ಕೆ ಒಂದು ದಿನ ಸಿಕ್ಕರೆ ಪುಣ್ಯ, ಆಗೇನು ಮಾಡಲಿ? ಇನ್ನೊಂದು, ಹಾಸನದ ಸ್ನೇಹಿತ ಗೊರೂರು ಹಿನ್ನೀರಿಗೆ ಇಳಿಯೋಣ ಅಂತ ಕರೆಯುತ್ತಿದ್ದಾನೆ, ದೂರ ಈಜಿ ಅಭ್ಯಾಸವಾಗುತ್ತದಂತೆ.

ಸ್ಟಾಪ್‌ವಾಚ್‌ಗೌಡ:
ಒಂದೇ ದಿನ ಸಿಕ್ಕರೆ ದೂರ ಕಡಿಮೆ ಮಾಡಿ, ವೇಗದ 25 ಉಳಿಸಿಕೊಳ್ಳಿ. ಕೊಯ್ಲು ಮುಗಿದ ಮೇಲೆ ಬಿಟ್ಟ ಜಾಗದಿಂದಲ್ಲ, ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಫೆಬ್ರವರಿ, ಮಾರ್ಚ್ ಚೆನ್ನಾಗಿ ಬಳಸಿಕೊಳ್ಳಿ, ಏಪ್ರಿಲ್ ಬಂದರೆ ಮಕ್ಕಳ ಬೇಸಿಗೆ ಶಿಬಿರ, ಲೇನೇ ಸಿಗಲ್ಲ.

ಹೇಮಾವತಿದಡ:
ಹಿನ್ನೀರು ಬೇಡ ಸರ್. ನಾನು ಆ ಕಡೆಯವನೇ, ಹೇಳುತ್ತಿದ್ದೇನೆ. ತಳ ಕಾಣುವುದಿಲ್ಲ, ಕೆಸರು, ಸುಸ್ತಾದರೆ ಹಿಡಿದುಕೊಳ್ಳಲು ಗೋಡೆ ಇಲ್ಲ, ಲೈಫ್‌ಗಾರ್ಡ್ ಅಂತೂ ಕೇಳಲೇಬೇಡಿ. ಸ್ನೇಹಿತರನ್ನೇ ಪೂಲ್‌ಗೆ ಕರೆಯಿರಿ, ಸ್ಟ್ರೋಕ್ ಎಣಿಸಲು ಒಬ್ಬರು ಬೇಕು ಹೇಗೂ.