ಹರ್ಟ್ಸ್ ಡೈಪೋಲ್: ಕರ್ಲ್ ತೆಗೆದರೆ ಕಾಂತಕ್ಷೇತ್ರ ಸೊನ್ನೆ ಬರುತ್ತಿದೆ, ಯಾಕೆ?

ಪ್ರಶ್ನೆ:
ಮೂಲಬಿಂದುವಿನಲ್ಲಿ ಝಡ್ ಅಕ್ಷದ ಉದ್ದಕ್ಕೆ ಕಿರು ಕರೆಂಟ್ ತುಂಡು. ವೆಕ್ಟರ್ ಪೊಟೆನ್ಷಿಯಲ್‌ಗೆ (ಇದರ ಕರ್ಲ್ ತೆಗೆದರೆ, ಅಂದರೆ ಸುತ್ತುವಿಕೆ ಅಳೆದರೆ, ಕಾಂತಕ್ಷೇತ್ರ ಸಿಗುತ್ತದೆ) ಝಡ್ ದಿಕ್ಕು ಮಾತ್ರ, ಬೆಲೆ ಆರ್ (ಮೂಲಬಿಂದುವಿನಿಂದ ದೂರ) ಮೇಲಷ್ಟೇ ಅವಲಂಬಿತ. ಗೋಲೀಯ ಕರ್ಲ್ ಸೂತ್ರದಲ್ಲಿ ಆರ್ ಘಟಕದ ಜಾಗಕ್ಕೆ ಅದನ್ನೇ ಹಾಕಿದರೆ ಎಲ್ಲ ಪದಗಳೂ ಸೊನ್ನೆ. ಇನ್ನೊಂದು: ತರಂಗಾಂತರದ 1/50 ಉದ್ದದ ಡೈಪೋಲ್‌ಗೆ 80 ಪೈ² (ಉದ್ದ/ತರಂಗಾಂತರ)² ಸೂತ್ರ 0.316 ಓಮ್ ವಿಕಿರಣ ರೆಸಿಸ್ಟೆನ್ಸ್ (ಹೊರಸೂಸುವ ಶಕ್ತಿಗೆ ಸಮನಾದ ರೆಸಿಸ್ಟೆನ್ಸ್) ಕೊಡುತ್ತದೆ, ಉತ್ತರಪಟ್ಟಿಯಲ್ಲಿ 0.079 ಇದೆ.

ಉತ್ತರ 1:
ಸೊನ್ನೆ ಬರಲೇಬೇಕು. ಆರ್ ದಿಕ್ಕಿನಲ್ಲೇ ಇದ್ದು ಆರ್ ಜತೆಗೆ ಮಾತ್ರ ಬದಲಾಗುವ ಕ್ಷೇತ್ರಕ್ಕೆ ಕರ್ಲ್ ಇರುವುದಿಲ್ಲ. ನಿಮ್ಮ ವೆಕ್ಟರ್ ಅದಲ್ಲ. ಮೊದಲು ಝಡ್ ಏಕಮಾನ ವೆಕ್ಟರನ್ನು ಒಡೆಯಿರಿ: ಆರ್ ದಿಕ್ಕಿಗೆ ಕಾಸ್ ಥೀಟಾ (ಥೀಟಾ ಎಂದರೆ ಝಡ್ ಅಕ್ಷದಿಂದ ಅಳೆದ ಕೋನ), ಥೀಟಾ ದಿಕ್ಕಿಗೆ ಮೈನಸ್ ಸೈನ್ ಥೀಟಾ. ಆ ಮೈನಸ್ ಬಿಟ್ಟುಹೋದರೂ ಉತ್ತರ ಕೆಡುತ್ತದೆ.

ನನಗೆ ಇದಕ್ಕಿಂತ ಹಿಡಿಸುವುದು ಸೂತ್ರದ ಹಂಗಿಲ್ಲದ ದಾರಿ. ಸ್ಕೇಲಾರ್ ಗುಣಿಸು ಸ್ಥಿರ ವೆಕ್ಟರ್‌ನ ಕರ್ಲ್ ಎಂದರೆ ಆ ಸ್ಕೇಲಾರ್‌ನ ಗ್ರೇಡಿಯೆಂಟ್ ಕ್ರಾಸ್ ಆ ವೆಕ್ಟರ್. ಗ್ರೇಡಿಯೆಂಟ್ ಆರ್ ದಿಕ್ಕಿನದು. ಆರ್ ಕ್ರಾಸ್ ಝಡ್ ಎಂದರೆ ಮೈನಸ್ ಸೈನ್ ಥೀಟಾ ಗುಣಿಸು ಫೈ ದಿಕ್ಕು. ಅವಕಲನದಿಂದ ಬರುವ ಇನ್ನೊಂದು ಮೈನಸ್ ಇದನ್ನು ರದ್ದು ಮಾಡಿ, ಸೈನ್ ಥೀಟಾ ಗುಣಿಸು (ಜೆ ಕೆ + 1/ಆರ್) ಉಳಿಯುತ್ತದೆ; ಜೆ ಎಂದರೆ ಮೈನಸ್ 1ರ ವರ್ಗಮೂಲ, ಕೆ ಎಂದರೆ 2ಪೈ/ತರಂಗಾಂತರ. ಎರಡೇ ಸಾಲಿನ ಕೆಲಸ! ಆವರಣದ ಎರಡು ಪದಗಳು ಗಾತ್ರದಲ್ಲಿ ಸಮನಾಗುವುದು ಆರ್ = ತರಂಗಾಂತರ/2ಪೈ ದೂರದಲ್ಲಿ. 30 ಮೆಗಾಹರ್ಟ್ಸ್‌ಗೆ ಅದು ಸುಮಾರು 1.6 ಮೀಟರ್. ಅಲ್ಲಿಂದ ಬಹಳ ಆಚೆ ಹೋದರೆ ಮಾತ್ರ ಎರಡನೇ ಪದವನ್ನು ಕೈಬಿಡಿ.

ಉತ್ತರ 2:
ನಾಲ್ಕು ಪಟ್ಟು ವ್ಯತ್ಯಾಸ ಕರೆಂಟ್ ಹಂಚಿಕೆಯದು. 80 ಪೈ² ಸೂತ್ರ ತುಂಡಿನ ಉದ್ದಕ್ಕೂ ಒಂದೇ ಕರೆಂಟ್ ಇದೆ ಎಂದುಕೊಳ್ಳುತ್ತದೆ; ತುದಿಗಳಿಗೆ ಲೋಹದ ತಟ್ಟೆ ಹಾಕಿದ ಆಂಟೆನಾ ಅದಕ್ಕೆ ಹತ್ತಿರ. ಬರಿಯ ತಂತಿಯ ತುದಿಯಲ್ಲಿ ಕರೆಂಟ್ ಸೊನ್ನೆ, ಮಧ್ಯದಲ್ಲಿ ಗರಿಷ್ಠ, ಹಂಚಿಕೆ ತ್ರಿಕೋನಾಕಾರ. ಸರಾಸರಿ ಅರ್ಧ, ಶಕ್ತಿ ಅದರ ವರ್ಗ, ಹಾಗಾಗಿ 20 ಪೈ².

ಉತ್ತರ 3:
ಶಕ್ತಿಯ ಸಂಕಲನದಲ್ಲಿ ಕ್ಷೇತ್ರದ ವರ್ಗದಿಂದ ಬರುವ ಸೈನ್ ವರ್ಗದ ಜತೆಗೆ ವಿಸ್ತೀರ್ಣದ ತುಣುಕಿನಲ್ಲೂ ಒಂದು ಸೈನ್ ಥೀಟಾ ಇದೆ, ಮರೆಯಬೇಡಿ. ಸೈನ್ ಘನ ಸಂಕಲಿಸಿದರೆ 4/3. ಸೈನ್ ವರ್ಗಕ್ಕೇ ನಿಲ್ಲಿಸಿದರೆ ಪೈ/2 ಬಂದು ರೆಸಿಸ್ಟೆನ್ಸ್ ಹೆಚ್ಚಾಗಿ ಕಾಣುತ್ತದೆ. ಕರೆಂಟ್ ಪೀಕೋ (ಗರಿಷ್ಠ ಬೆಲೆ) ಆರ್‌ಎಂಎಸ್ಸೋ (ವರ್ಗಗಳ ಸರಾಸರಿಯ ವರ್ಗಮೂಲ) ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಪಟ್ಟು ಏರುಪೇರು.

ಪ್ರಶ್ನೆ ಕೇಳಿದವರು:
ಎರಡೂ ಸರಿಬಂತು, ಧನ್ಯವಾದ. ಅರ್ಧ ತರಂಗದ ಡೈಪೋಲ್‌ಗೂ 20 ಪೈ² ಬಳಸಬಹುದೇ? 49 ಓಮ್ ಬರುತ್ತಿದೆ.

ಉತ್ತರ 2:
ಬೇಡ, ಅಲ್ಲಿ ಹಂಚಿಕೆ ತ್ರಿಕೋನವಲ್ಲ, ಸೈನ್ ಅಲೆಯ ಅರ್ಧ. ಸರಾಸರಿ 2/ಪೈ ಹಾಕಿ 80 ಪೈ² ಸೂತ್ರಕ್ಕೆ ಕೊಟ್ಟರೆ ಸರಿಯಾಗಿ 80 ಓಮ್. ನಿಜವಾದದ್ದು ಸುಮಾರು 73. ತಂತಿಯ ಬೇರೆ ಬೇರೆ ಭಾಗಗಳಿಂದ ಹೊರಟ ಅಲೆಗಳು ಲಂಬ ದಿಕ್ಕು ಬಿಟ್ಟು ಉಳಿದೆಡೆ ಒಂದೇ ಫೇಸ್‌ನಲ್ಲಿ ಸೇರುವುದಿಲ್ಲ, ಆ 7 ಓಮ್ ಕಳೆಯುವುದು ಅಲ್ಲೇ. ಸಂಕಲನದಲ್ಲಿ ಜೆ ಕೆ ಝಡ್ ಕಾಸ್ ಥೀಟಾ ಪದವನ್ನು ಉಳಿಸಿಕೊಂಡು ಮಾಡಿ ನೋಡಿ.