ಯಾರೂ ಸ್ನಾನ ಮಾಡದಿದ್ದರೂ ಗೀಸರ್ ಲೈಟ್ ಹತ್ತಿಕೊಳ್ಳುತ್ತೆ, ಯಾಕೆ?

ಪ್ರಶ್ನೆ:
25 ಲೀಟರ್ ಗೀಸರ್, 2 ಕಿಲೋವಾಟ್ ಕಾಯಿಲ್, ಸ್ವಿಚ್ ಇಡೀ ದಿನ ಆನ್. ಎರಡು ತಿಂಗಳಿಂದ ದಿನಕ್ಕೆ ಮೂರು ಯೂನಿಟ್ ಜಾಸ್ತಿ ಹೋಗ್ತಿದೆ. ಕಾಯಿಲ್‌ಗೆ ಉಪ್ಪು ಕಟ್ಟಿದೆ ಅಂದ್ರು, ಬಿಚ್ಚಿಸಿ ಕ್ಲೀನ್ ಮಾಡಿಸಿದೆ. ಏನೂ ಬದಲಾಗಲಿಲ್ಲ. ಹೊಸದು ತಗೊಳ್ಳೋದೇ ದಾರಿಯಾ?

ಉತ್ತರ:
ತಡೀರಿ ಸರ್. ಉಪ್ಪು ಕಟ್ಟಿದ ಕಾಯಿಲ್ ಬೇಗ ಸುಟ್ಟುಹೋಗುತ್ತೆ ನಿಜ, ಆದ್ರೆ ಕರೆಂಟ್ ಅಷ್ಟೇನೂ ಜಾಸ್ತಿ ತಿನ್ನಲ್ಲ. ಕಾಯಿಲ್ ನೀರೊಳಗೇ ಮುಳುಗಿರುವಾಗ ಶಾಖ ಬೇರೆಲ್ಲಿಗೆ ಹೋಗಬೇಕು?

25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಮ್ಮಿ 1 ಯೂನಿಟ್ ಬೇಕು. ಅಂದ್ರೆ ದಿನಕ್ಕೆ ಮೂರು ಟ್ಯಾಂಕ್ ಬಿಸಿನೀರಿನಷ್ಟು ಶಾಖ ಎಲ್ಲೋ ಸೋರುತ್ತಿದೆ. ಟ್ಯಾಂಕಿನ ಮೈಯಿಂದ ಹೋಗೋದು ಇಷ್ಟಿರಲ್ಲ. ಲೈಟ್ ಆರಿದ ಮೇಲೆ ಎರಡು ಗಂಟೆ ಯಾವ ನಲ್ಲಿಯನ್ನೂ ಮುಟ್ಟಬೇಡಿ. ಆಮೇಲೆ ಅಡುಗೆಮನೆಯ ತಣ್ಣೀರು ಬಿಟ್ಟು ಕೈಯೊಡ್ಡಿ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಎರಡು ಗಂಟೆಯೂ ಲೈಟ್ ಹತ್ತಲಿಲ್ಲ. ತಣ್ಣೀರು ಬಿಟ್ಟ ಸ್ವಲ್ಪ ಹೊತ್ತಿಗೆ ಉಗುರುಬೆಚ್ಚಗೆ ಬಂತು, ಲೈಟೂ ಹತ್ತಿತು!

ಉತ್ತರ:
ಸಿಕ್ಕಿತು ಕಳ್ಳ. ಬಚ್ಚಲಲ್ಲಿ ಹ್ಯಾಂಡ್ ಶವರ್ ಇದೆಯಾ? ಅದರ ಬಟನ್ ಮಾತ್ರ ಬಂದ್ ಮಾಡಿ, ಮಿಕ್ಸರ್‌ನ ಬಿಸಿ-ತಣ್ಣೀರು ಎರಡೂ ನಾಬ್ ಬಿಟ್ಟೇ ಇಡ್ತೀರಾ? ಹಾಗಿಟ್ಟರೆ ಮಿಕ್ಸರ್ ಒಳಗೆ ಎರಡು ಪೈಪೂ ಒಂದಾಗುತ್ತವೆ. ನೀವು ಪಾತ್ರೆ ತೊಳೆಯೋಕೆ ತಣ್ಣೀರು ಬಿಟ್ಟಾಗಲೆಲ್ಲ ಗೀಸರ್‌ನ ನೀರು ಅಡ್ಡದಾರಿಯಲ್ಲಿ ಬಂದು ಸೇರುತ್ತೆ. ಖಾಲಿಯಾದಷ್ಟು ಮತ್ತೆ ತಣ್ಣೀರು ತುಂಬುತ್ತೆ, ಕಾಯಿಲ್ ಮತ್ತೆ ದುಡಿಯುತ್ತೆ.

ಪ್ರಶ್ನೆ ಕೇಳಿದವರು:
ಎರಡು ತಿಂಗಳ ಹಿಂದೆಯೇ ಹೊಸ ಹ್ಯಾಂಡ್ ಶವರ್ ಹಾಕಿಸಿದ್ದು! ನಾಬ್ ಮುಚ್ಚಿಟ್ಟು ನಾಲ್ಕು ದಿನ ಮೀಟರ್ ಬರೆದಿಟ್ಟೆ, ಹಳೇ ಲೆಕ್ಕಕ್ಕೇ ಬಂದಿದೆ. ಮಕ್ಕಳು ಮರೀತಾರೆ, ಗೀಸರ್‌ಗೆ ಬರೋ ತಣ್ಣೀರು ಪೈಪಿಗೆ ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡೋ ವಾಲ್ವ್) ಹಾಕಿಸಲಾ?

ಉತ್ತರ:
ಅಲ್ಲಿ ಹಾಕಿಸಿ ಪ್ರಯೋಜನ ಇಲ್ಲ, ನೀರು ಆ ಕಡೆಯಿಂದ ವಾಪಸ್ ಹೋಗ್ತಿಲ್ಲ. ಮಿಕ್ಸರ್‌ಗೆ ಬರುವ ಎರಡೂ ಪೈಪಿಗೆ ಒಂದೊಂದು ಹಾಕಿಸಿ. ಆದ್ರೆ ಮೊದಲು ಗೀಸರ್‌ನ ಸೇಫ್ಟಿ ವಾಲ್ವ್ ಸರಿ ಇದೆಯಾ ನೋಡಿಸಿ. ಕಾದ ನೀರು ಹಿಗ್ಗುತ್ತೆ, ಆ ಒತ್ತಡ ಹೊರಹೋಗೋಕೆ ದಾರಿ ಇರಲೇಬೇಕು.

ಥರ್ಮೋಸ್ಟಾಟ್ 75ರಲ್ಲಿದ್ದರೆ 60ಕ್ಕೆ ಇಳಿಸಿ. ಸುಮ್ಮನೆ ನಿಂತಾಗ ಸೋರುವ ಶಾಖ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತೆ. ಇಡೀ ದಿನ ಆನ್ ಇಟ್ಟರೆ ಉಳಿತಾಯ ಅನ್ನೋದನ್ನೂ ನಂಬಬೇಡಿ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿದರೆ ಸಾಕು.